ತೇವಾಂಶ ಮಾಪಕದ ಭಾಷೆ ತಿಳಿದಿರಲಿ

ಮುಸುಕಿನ ಜೋಳ ಮಾರಲು ಹೋದಾಗ, ಕಾಳನ್ನು ಪುಟ್ಟ ಯಂತ್ರಕ್ಕೆ ಸುರಿದು ‘ತೇವಾಂಶ ಶೇ. 16’ ಎಂದು ಹೇಳುವುದನ್ನು ನೀವು ಕೇಳಿರಬಹುದು. ಬೆಂಬಲ ಬೆಲೆಯ ಖರೀದಿಯಲ್ಲಿ ಈ ಬೆಳೆಗೆ ಶೇ. 14 ಮಿತಿ. ಶೇ. 16 ತೇವಾಂಶದ ಒಂದು ಕ್ವಿಂಟಲ್ ಕಾಳು ಶೇ. 14ಕ್ಕೆ ಒಣಗಿದಾಗ ಸುಮಾರು 2.3 ಕಿಲೋ ತೂಕ ಇಳಿಯುತ್ತದೆ. ಒಣಗಿದ ಕಾಳಿಗೇ ಯಂತ್ರ ತಪ್ಪಾಗಿ 16 ತೋರಿಸಿ, ಅದರಂತೆ ತೂಕ ಕಡಿತವಾದರೆ, 50 ಕ್ವಿಂಟಲಿಗೆ ಒಂದು ಕ್ವಿಂಟಲಿಗೂ ಮೀರಿ ನಷ್ಟ. ಆದ್ದರಿಂದ ಅಳತೆಯ ಕೆಲವು ಶಬ್ದಗಳನ್ನು ರೈತರು ಅರಿತಿರಬೇಕು.

ಸೆನ್ಸರ್: ಯಂತ್ರದ ಸ್ಪರ್ಶೇಂದ್ರಿಯವಿದು. ಸಾಮಾನ್ಯ ಮಾಪಕ ನೀರನ್ನು ನೇರವಾಗಿ ಅಳೆಯುವುದಿಲ್ಲ. ಕಾಳಿನ ವಿದ್ಯುತ್ ಗುಣವನ್ನು ಅಳೆದು ಲೆಕ್ಕ ಹಾಕುತ್ತದೆ. ಈ ಗುಣ ಬೆಳೆಯಿಂದ ಬೆಳೆಗೆ ಬೇರೆ. ಭತ್ತಕ್ಕೆ ಹೊಂದಿಸಿದ ಯಂತ್ರಕ್ಕೆ ಜೋಳ ಸುರಿದರೆ ಲೆಕ್ಕ ತಪ್ಪುತ್ತದೆ. ಬಿಸಿಲಲ್ಲಿ ಕಾದ ಕಾಳೂ ವ್ಯತ್ಯಾಸ ತರಬಹುದು.

ರೆಸಲ್ಯೂಷನ್: ಯಂತ್ರ ತೋರಿಸಬಲ್ಲ ಅತಿ ಚಿಕ್ಕ ವ್ಯತ್ಯಾಸ. 14.3 ಎಂದು ದಶಾಂಶ ಮೂಡಿದ ಮಾತ್ರಕ್ಕೆ ಅದು ಸತ್ಯವೆಂದು ನಂಬಬೇಡಿ.

ನಿಖರತೆ: ನಿಜಕ್ಕೆ ಎಷ್ಟು ಹತ್ತಿರ ಎಂಬುದು. ನಿಖರತೆ ಅರ್ಧ ಅಂಶ ಹೆಚ್ಚು ಕಡಿಮೆ ಇದ್ದರೆ, 14.3 ಎಂದ ಕಾಳು ನಿಜವಾಗಿ 13.8 ಇರಬಹುದು, 14.8 ಕೂಡ ಇರಬಹುದು.

ಪುನರಾವರ್ತನೆ: ಅದೇ ಕಾಳನ್ನು ಮೂರು ಸಲ ಅಳೆದಾಗ ಒಂದೇ ಉತ್ತರ ಬರುವುದು. ಆದರೆ ಮೂರು ಸಲವೂ ಒಂದೇ ತಪ್ಪನ್ನು ಹೇಳುವ ಯಂತ್ರವೂ ಉಂಟು!

ಕ್ಯಾಲಿಬ್ರೇಷನ್: ಆ ತಪ್ಪನ್ನು ಹಿಡಿಯುವ ಉಪಾಯ. ಕಾಳನ್ನು ಓವನ್‌ನಲ್ಲಿ ಒಣಗಿಸಿ, ಮೊದಲಿನ ಮತ್ತು ನಂತರದ ತೂಕದಿಂದ ತೇವಾಂಶ ಕಂಡುಹಿಡಿದು, ಯಂತ್ರವನ್ನು ಅದಕ್ಕೆ ತಾಳೆ ನೋಡುವರು. ತಕ್ಕಡಿಯನ್ನು ಮುದ್ರೆಯ ಬಟ್ಟಿನಿಂದ ಪರೀಕ್ಷಿಸಿದಂತೆ.

ಸ್ಯಾಂಪಲ್: ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದಕ್ಕೆ ಗೊತ್ತಾಗುವುದು ಸುರಿದ ಹಿಡಿ ಕಾಳಷ್ಟೇ. ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ಕಾಳು ತೆಗೆದು ಬೆರೆಸಬೇಕು.

ಮುಂದಿನ ಸಲ ಮಾರಲು ಹೋದಾಗ ಸೌಜನ್ಯದಿಂದಲೇ ನಾಲ್ಕು ಪ್ರಶ್ನೆ ಕೇಳಿ: ಯಂತ್ರವನ್ನು ಯಾವ ಬೆಳೆಗೆ ಹೊಂದಿಸಿದೆ? ಕ್ಯಾಲಿಬ್ರೇಷನ್ ಯಾವಾಗ ಆಯಿತು? ಕಾಳನ್ನು ಎಷ್ಟು ಚೀಲಗಳಿಂದ ತೆಗೆದಿರಿ? ಇನ್ನೆರಡು ಸಲ ಅಳೆಯುವಿರಾ? ಬಂದ ಅಂಕಿಗಳನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಿ. ತಕರಾರು ಬಂದಾಗ ಬಾಯಿಮಾತಿಗಿಂತ ಬರೆದ ಲೆಕ್ಕಕ್ಕೇ ಬೆಲೆ.