ಹಳೆ ಗಾಡಿ ಹೊಸದು ಮಾಡಿಸುವ ಮುನ್ನ: ಎಸ್ಟಿಮೇಟಿನ ಜಗಳದ ಬಗ್ಗೆ ಒಂದಿಷ್ಟು ಮಾಹಿತಿ



ಮನೆಯ ಹಳೆಯ ಜೀಪನ್ನೋ ಕಾರನ್ನೋ ಗುಜರಿಗೆ ಹಾಕದೆ, ಮೊದಲಿನ ರೂಪಕ್ಕೆ ತರಿಸಿ ಇಟ್ಟುಕೊಳ್ಳುವವರು ನಮ್ಮ ಸದಸ್ಯರಲ್ಲಿ ಈಚೆಗೆ ಹೆಚ್ಚಾಗಿದ್ದಾರೆ. ಗ್ಯಾರೇಜಿನವರೊಡನೆ ಜಗಳವಾಗಿ ಸಂಘದ ಕಚೇರಿಗೆ ಬರುವವರೂ ಅಷ್ಟೇ ಹೆಚ್ಚಾಗಿದ್ದಾರೆ. ಹಾಗೆ ಬಂದ ಒಂದು ಪ್ರಕರಣದಲ್ಲಿ ಜೀಪಿನ ಯಜಮಾನರೂ ನಮ್ಮ ಸದಸ್ಯರು, ಗ್ಯಾರೇಜಿನವರೂ ನಮ್ಮ ಸದಸ್ಯರು. ಇಬ್ಬರ ಒಪ್ಪಿಗೆಯಿಂದ, ಹೆಸರು ಬಿಟ್ಟು ಆ ಸಂಗತಿಯನ್ನೇ ಇಲ್ಲಿ ಹೇಳುತ್ತೇವೆ.

ಯಜಮಾನರು ಕಾಸರಗೋಡು ಕಡೆಯ ನಿವೃತ್ತ ಮಾಸ್ಟ್ರು. ತಂದೆಯವರು ಅಡಿಕೆ ಸಾಗಿಸುತ್ತಿದ್ದ ಜೀಪು, ವರ್ಷಗಟ್ಟಲೆ ಕೊಟ್ಟಿಗೆಯ ಪಕ್ಕ ನಿಂತಿತ್ತು. ಮಗಳ ಮದುವೆಯ ದಿಬ್ಬಣಕ್ಕೆ ಅದೇ ಬೇಕೆಂದು ಆಸೆ. ಗ್ಯಾರೇಜು ಗಡಿಯಾಚೆ, ಮಂಗಳೂರು ಕಡೆ. ಅವರು ಬಂದು ಸುತ್ತ ನೋಡಿ, ಅಲ್ಲಲ್ಲಿ ತಟ್ಟಿ, ಟಿಂಕರಿಂಗ್, ಪೇಂಟ್, ಇಂಜಿನ್ ಕೆಲಸ ಎಲ್ಲ ಸೇರಿ 1 ಲಕ್ಷ 80 ಸಾವಿರ ಆಗಬಹುದು ಎಂದರು. 60 ಸಾವಿರ ಅಡ್ವಾನ್ಸ್ ಕೊಟ್ಟದ್ದಾಯಿತು. ಚೀಟಿ ಇಲ್ಲ, ಮಾತು ಮಾತ್ರ.

ತಿಂಗಳ ನಂತರ ಫೋನು ಬಂತು. "ಮಾಸ್ಟ್ರೇ, ಪೇಂಟ್ ತೆಗೆದು ನೋಡಿದ್ರೆ ಅಡಿಯ ತಗಡು ಪೂರಾ ಹೋಗಿದೆ. ಹೊಸತು ಹಾಕಬೇಕು."

"ಸರಿ ಮಾಡಿ" ಎಂದರು ಮಾಸ್ಟ್ರು.

ಈ ಎರಡು ಶಬ್ದಗಳ ಮೇಲೆಯೇ ಮುಂದಿನ ಜಗಳವೆಲ್ಲ ನಡೆಯಿತು. ಗ್ಯಾರೇಜಿನವರ ಕಿವಿಗೆ ಅದು "ಸರಿ, ಮಾಡಿ" ಎಂದು ಕೇಳಿಸಿತು. ಅಂದರೆ ಹೆಚ್ಚಿನ ಖರ್ಚಿಗೆ ಒಪ್ಪಿಗೆ. ಮಾಸ್ಟ್ರು ಹೇಳಿದ್ದು "ಸರಿಮಾಡಿ" ಎಂದು. ಒಪ್ಪಿಕೊಂಡ ಹಣದಲ್ಲಿ ದುರಸ್ತಿ ಮಾಡಿಕೊಡಿ ಎಂಬ ಅರ್ಥದಲ್ಲಿ. ಕೊನೆಯ ಬಿಲ್ಲು 3 ಲಕ್ಷ 10 ಸಾವಿರ. ಹಣ ಪೂರ್ತಿ ಕೊಡದೆ ಜೀಪು ಬಿಡುವುದಿಲ್ಲ ಎಂದು ಇವರು, ಒಂದು ರೂಪಾಯಿಯೂ ಹೆಚ್ಚು ಕೊಡುವುದಿಲ್ಲ ಎಂದು ಅವರು. ದಿಬ್ಬಣ ಬಾಡಿಗೆ ಕಾರಿನಲ್ಲಿ ಹೋಯಿತು.

ಇಲ್ಲಿ ಮೋಸ ಯಾರದು ಎಂದು ಕೇಳಿದರೆ, ನಮ್ಮ ಅಭಿಪ್ರಾಯದಲ್ಲಿ ಯಾರದೂ ಅಲ್ಲ. ಹಳೆಯ ಗಾಡಿಯ ತುಕ್ಕು ಹೊರಗಿನಿಂದ ಕಾಣುವುದಿಲ್ಲ. ಹಿಂದೆ ಯಾರೋ ಪುಟ್ಟಿ ಹಾಕಿ ಬಣ್ಣ ಬಳಿದಿರುತ್ತಾರೆ. ಬಾಗಿಲಿನ ಕೆಳಭಾಗ, ಕಾಲಿಡುವ ತಗಡು, ಬ್ಯಾಟರಿ ಇಡುವ ಜಾಗದ ಅಡಿ, ಇವೆಲ್ಲ ಒಳಗಿಂದೊಳಗೆ ತಿಂದುಹೋಗಿರುತ್ತವೆ. ಕಡಲ ಗಾಳಿಯ ಊರುಗಳಲ್ಲಂತೂ ಕೇಳುವುದೇ ಬೇಡ. ಹಳೆ ಬಣ್ಣ ಕೆರೆದು ತೆಗೆಯುವವರೆಗೆ ಎಷ್ಟು ತಗಡು ಉಳಿದಿದೆ ಎಂದು ಯಾವ ಮೇಸ್ತ್ರಿಯೂ ಖಚಿತವಾಗಿ ಹೇಳಲಾರ. ಹಾಗಾಗಿ ಮೊದಲ ದಿನ ಹೇಳುವ ಮೊತ್ತ ಒಂದು ಅಂದಾಜು. ಕೇಳಿದವರು ಅದನ್ನು ಬೆಲೆ ಎಂದುಕೊಳ್ಳುತ್ತಾರೆ.

ಇನ್ನೊಂದು ಮಾತು. ಗಾಡಿ ಬಿಚ್ಚಿ ಹಾಕಿದ ಮೇಲೆ ಗ್ರಾಹಕನ ಕೈ ಕಟ್ಟಿದಂತೆಯೇ. ಅರ್ಧ ಕತ್ತರಿಸಿದ ಜೀಪನ್ನು ಎಳೆಸಿಕೊಂಡು ಬೇರೆ ಗ್ಯಾರೇಜಿಗೆ ಹೋದರೆ ಅಲ್ಲಿಯವರು ಮುಟ್ಟಲೂ ಹಿಂಜರಿಯುತ್ತಾರೆ. ಆದ್ದರಿಂದ ನಾವು ಈಗ ಸದಸ್ಯರಿಗೆ ಹೇಳುವುದು ಇಷ್ಟೇ: ಕೆಲಸವನ್ನು ಎರಡು ಹಂತ ಮಾಡಿ. ಮೊದಲ ಹಂತದಲ್ಲಿ ಬಣ್ಣ ತೆಗೆದು, ಬಿಚ್ಚಿ ನೋಡುವುದಕ್ಕೆ ಮಾತ್ರ ಹಣ ಗೊತ್ತುಮಾಡಿ ಕೊಟ್ಟುಬಿಡಿ. ಆಮೇಲೆ ಖುದ್ದಾಗಿ ಹೋಗಿ ಕಣ್ಣಾರೆ ನೋಡಿ, ಎರಡನೆಯ ಎಸ್ಟಿಮೇಟನ್ನು ಬರೆಸಿಕೊಳ್ಳಿ. ಮೊತ್ತ ಕೈಮೀರಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಗ್ಯಾರೇಜಿನವರಿಗೂ ಮಾಡಿದ ಕೆಲಸದ ಹಣ ಬಂದಿರುತ್ತದೆ.

ಬರೆಸುವಾಗ ಶಬ್ದಗಳ ಮೇಲೆ ಎಚ್ಚರ ಇರಲಿ. "ಫುಲ್ ಪೇಂಟ್" ಎಂದರೆ ಹೊರಮೈ ಮಾತ್ರವೇ, ಬಾಗಿಲ ಸಂದು, ಇಂಜಿನ್ ಕೋಣೆ, ಅಡಿಭಾಗವೂ ಸೇರಿತೇ? "ಇಂಜಿನ್ ಕೆಲಸ" ಎಂದರೆ ಟ್ಯೂನಿಂಗ್ ಮಾತ್ರವೇ, ಪೂರ್ತಿ ಬಿಚ್ಚಿ ಪಿಸ್ಟನ್, ರಿಂಗ್ ಬದಲಿಸುವುದೇ? ಎರಡರ ನಡುವೆ ಹತ್ತಾರು ಸಾವಿರದ ಅಂತರ ಇರುತ್ತದೆ. ಬಿಡಿಭಾಗ ಹೊಸದೋ, ಹಳೆಯದನ್ನು ಹುಡುಕಿ ತಂದದ್ದೋ ಎಂಬುದೂ ಬರಹದಲ್ಲಿರಲಿ. ಉತ್ಪಾದನೆ ನಿಂತ ಗಾಡಿಗಳ ಭಾಗಗಳಿಗೆ ಗ್ಯಾರೇಜಿನವರು ಬೆಂಗಳೂರಿನ ಜೆ.ಸಿ. ರಸ್ತೆಗೋ ಚೆನ್ನೈನ ಪುದುಪೇಟೆಗೋ ಅಲೆಯಬೇಕಾಗುತ್ತದೆ. ಆ ಓಡಾಟದ ಖರ್ಚು ಯಾರದು ಎಂದು ಮೊದಲೇ ಮಾತಾಡಿದವರನ್ನು ನಾವಿನ್ನೂ ಕಂಡಿಲ್ಲ.

ಮೊತ್ತವನ್ನು ಅಂಕಿಯಲ್ಲಿ ಬರೆಯಿರಿ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ಸದಸ್ಯರು ಮಾತಿನಲ್ಲಿ "ದೀಡ ಲಾಖ", "ಅಡೀಚ ಲಾಖ" ಎನ್ನುತ್ತಾರೆ. ಅವರಿಗೆ ಅದು ಒಂದೂವರೆ, ಎರಡೂವರೆ ಎಂದು ನೀರು ಕುಡಿದಷ್ಟು ಸಲೀಸು. ಕೇಳುವವರು ಕರಾವಳಿಯವರೋ ತಾಳವಾಡಿಯವರೋ ಆದರೆ ಫೋನಿನಲ್ಲಿ ಏನು ಅರ್ಥವಾಯಿತೋ ದೇವರೇ ಬಲ್ಲ. ಹಾಗೆಯೇ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂದು ಕೇಳಿ. ರಿಪೇರಿ ಸೇವೆಗೆ ತೆರಿಗೆ ಶೇ. 18. 2 ಲಕ್ಷದ ಕೆಲಸಕ್ಕೆ ಅದೇ 36 ಸಾವಿರ ಆಗುತ್ತದೆ.

ಗ್ಯಾರೇಜಿನವರ ಕಷ್ಟವನ್ನೂ ಹೇಳದಿದ್ದರೆ ನ್ಯಾಯವಾಗದು. ಹಳೆ ಗಾಡಿ ಒಂದು ಬಂದರೆ ತಿಂಗಳುಗಟ್ಟಲೆ ಜಾಗ ಹಿಡಿದು ಕೂರುತ್ತದೆ. ಯಜಮಾನರು ನಡುನಡುವೆ "ಹಾಗೇ ಸೀಟೂ ಹೊಲಿಸಿಬಿಡಿ", "ಟಾಪ್ ಬೇರೆ ಹಾಕಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ದನಿ ಕಳಿಸುತ್ತಾರೆ. ಬಿಲ್ಲು ಬಂದಾಗ ಅದು ನೆನಪಿರುವುದಿಲ್ಲ. ನಮ್ಮ ಮಾಸ್ಟ್ರ ಫೋನಿನಲ್ಲೇ ಇಂಥ ನಾಲ್ಕು ಸಂದೇಶ ಸಿಕ್ಕವು. ಹೆಚ್ಚಿನ ಕೆಲಸ ಯಾರು ಹೇಳಿದರೂ, ಆ ಕೆಲಸ, ಅದರ ಮೊತ್ತ, "ಒಪ್ಪಿದ್ದೇನೆ" ಎಂಬ ಉತ್ತರ, ಈ ಮೂರೂ ಅಕ್ಷರದಲ್ಲಿ ಬಂದ ಮೇಲೆಯೇ ಮುಂದುವರಿಯುವುದು ಎಂದು ಇಬ್ಬರೂ ಒಪ್ಪಿಕೊಳ್ಳಬೇಕು. ತುಕ್ಕಿನ ಫೋಟೊ ಕಳಿಸಲು ಒಂದು ನಿಮಿಷ ಸಾಕು.

ಹಣ ಕೊಡುವವರೆಗೆ ಗಾಡಿ ಹಿಡಿದಿಟ್ಟುಕೊಳ್ಳಬಹುದೇ ಎಂದು ಹಲವರು ಕೇಳುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 170ನೆಯ ಕಲಂ ಪ್ರಕಾರ, ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿದವರು ಅದರ ಕೂಲಿ ಬರುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಬೇರೆ ಕರಾರು ಇದ್ದರೆ ಅದು ನಡೆಯದು. ಕಾಯ್ದೆಯೇ ಕೊಡುವ ಉದಾಹರಣೆ ದರ್ಜಿಯದು: ಮೂರು ತಿಂಗಳ ಸಾಲ ಕೊಡುತ್ತೇನೆಂದು ಒಪ್ಪಿ ಕೋಟು ಹೊಲಿದವನು, ಹಣ ಬಂದಿಲ್ಲವೆಂದು ಕೋಟನ್ನು ಇಟ್ಟುಕೊಳ್ಳುವಂತಿಲ್ಲ. ಇದು ಇಟ್ಟುಕೊಳ್ಳುವ ಹಕ್ಕು ಮಾತ್ರ, ಮಾರುವ ಹಕ್ಕಲ್ಲ. ಒಪ್ಪಿಗೆಯಿಲ್ಲದೆ ಮಾಡಿದ ಕೆಲಸಕ್ಕೆ ಹಣ ಸಲ್ಲುತ್ತದೆಯೇ ಎಂಬುದು ಬೇರೆ ವಾದ, ಅಲ್ಲಿ ಬರಹವೇ ಸಾಕ್ಷಿ.

ಗಡಿಯಾಚೆಯ ಗ್ಯಾರೇಜಾದರೆ ದೂರು ಅಲ್ಲಿಗೇ ಹೋಗಿ ಕೊಡಬೇಕೆಂದು ಹಲವರು ಸುಮ್ಮನಾಗುತ್ತಾರೆ. ಹಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಾಸರಗೋಡಿನವರು ಕಾಸರಗೋಡಿನಲ್ಲಿ, ಸೊಲ್ಲಾಪುರದವರು ಸೊಲ್ಲಾಪುರದಲ್ಲಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅವಧಿ 2 ವರ್ಷ. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ಕನ್ನಡದಲ್ಲೂ ಮಾತಾಡುತ್ತಾರೆ.

ಗಾಡಿಯ ರೂಪವನ್ನೇ ಬದಲಿಸುವವರಿಗೆ ಒಂದು ಮಾತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡಿ ಮಾಡುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದಿಂದ ಹೋದ ಪ್ರಕರಣದಲ್ಲೇ ಇದನ್ನು ಎತ್ತಿಹಿಡಿಯಿತು. "ಎಲ್ಲರೂ ಮಾಡಿಸ್ತಾರೆ" ಎಂದು ಗ್ಯಾರೇಜಿನಲ್ಲಿ ಹೇಳಿದರೂ ಚೆಕಿಂಗಿನಲ್ಲಿ ನಿಲ್ಲುವವರು ನೀವು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಸೇರಿಸಿಕೊಳ್ಳಿ. ಕೆಲಸ ಎಳೆದಾಡುವಾಗ ವಿಮೆ, ಆರ್‌ಸಿ ನವೀಕರಣದ ದಿನಾಂಕ ದಾಟಿಹೋಗದಂತೆ ನೋಡಿಕೊಳ್ಳಿ.

ಮಾಸ್ಟ್ರ ವಿಷಯಕ್ಕೆ ಬಂದರೆ, ಸಂಘದ ಕಚೇರಿಯಲ್ಲಿ ಎರಡು ಭಾನುವಾರ ಕೂತು ಪ್ರತಿ ಕೆಲಸವನ್ನೂ ಫೋಟೊ, ಸಂದೇಶಗಳ ಜೊತೆ ತಾಳೆ ನೋಡಿದೆವು. ಸಂದೇಶದಲ್ಲಿ ಇದ್ದದ್ದಕ್ಕೆ ಪೂರ್ತಿ ಹಣ. ಅಡಿಯ ತಗಡಿಗೆ ಸಾಮಾನಿನ ಹಣ ಮಾಸ್ಟ್ರದು, ಕೂಲಿ ಅರ್ಧರ್ಧ ಎಂದಾಯಿತು. ಒಟ್ಟು 2 ಲಕ್ಷ 70 ಸಾವಿರಕ್ಕೆ ಮುಗಿಯಿತು. ಮದುವೆ ಕಳೆದು ಎರಡು ತಿಂಗಳಿಗೆ ಜೀಪು ಮನೆಗೆ ಬಂತು. ಎಡಬಾಗಿಲು ಈಗಲೂ ಸ್ವಲ್ಪ ಗಡಗಡ ಎನ್ನುತ್ತದಂತೆ. ಅದಕ್ಕೆ ಅದೇ ಗ್ಯಾರೇಜಿಗೇ ಹೋಗುತ್ತಾರೆ, ಈಗ ಜೇಬಿನಲ್ಲೊಂದು ನೋಟುಪುಸ್ತಕ ಇಟ್ಟುಕೊಂಡು.