ಒಂದೇ ಸಾಲಿನ ತಿದ್ದುಪಡಿ ಸಾಕು: ಓಪನ್ ಸೋರ್ಸ್‌ನಲ್ಲಿ ಮೊದಲ ಹೆಜ್ಜೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೊದಲ್ಲಿ ಸ್ಕ್ರೀನ್ ತೋರಿಸಿ ಹೇಳಿದ್ದನ್ನು ಇಲ್ಲಿ ಮಾತಲ್ಲೇ ವಿವರಿಸಿದ್ದೇನೆ.

ನನಗೆ ಪದೇ ಪದೇ ಬರುವ ಪ್ರಶ್ನೆ ಇದು: "ಎಂಟು ವರ್ಷದಿಂದ ಕೋಡ್ ಬರೀತಿದೀನಿ. ಎಲ್ಲಾ ಕ್ಲೈಂಟ್‌ದು. ಹೊರಗಡೆ ತೋರಿಸೋಕೆ ನನ್ನದು ಅಂತ ಒಂದು ಸಾಲೂ ಇಲ್ಲ. ಓಪನ್ ಸೋರ್ಸ್‌ನಲ್ಲಿ ಏನಾದ್ರೂ ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ?"

ನನ್ನ ಉತ್ತರ ಸರಳ. ನೀವು ದಿನಾ ಬಳಸೋ ಸಾಫ್ಟ್‌ವೇರ್‌ನಿಂದ ಶುರು ಮಾಡಿ, ಚಿಕ್ಕದರಿಂದ ಶುರು ಮಾಡಿ. ಆದರೆ "ಚಿಕ್ಕದು" ಅಂದರೆ "ಹೇಗೋ ಒಂದು" ಅಂತಲ್ಲ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾಗಬೇಕಾದರೆ, ಆ ಕಡೆ ಕೂತಿರುವವರು ಯಾರು ಅನ್ನೋದನ್ನು ಮೊದಲು ತಿಳಿದುಕೊಳ್ಳಬೇಕು.

ಆ ಕಡೆ ಯಾರಿದ್ದಾರೆ?

ನಾವು ಕಳಿಸೋ ಬದಲಾವಣೆಯನ್ನು ಓದಿ, ಪರೀಕ್ಷಿಸಿ, ಸೇರಿಸಿಕೊಳ್ಳುವವರನ್ನು ಮೇಂಟೇನರ್ ಅಂತಾರೆ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೆಲವರಿಗೆ ಇದೇ ಸಂಬಳದ ಕೆಲಸ. ಆದರೆ ಬಹಳ ಕಡೆ ಆಫೀಸ್ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಒಂದು ಗಂಟೆ ಕೂತು ಮಾಡುವ ಕೆಲಸ ಇದು.

2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಎಂಬ ಫೈಲ್ ಕಂಪ್ರೆಶನ್ ಸಾಫ್ಟ್‌ವೇರ್‌ನಲ್ಲಿ ಹಿಂಬಾಗಿಲು ಸಿಕ್ಕಿದ ಸುದ್ದಿ ನೆನಪಿರಬಹುದು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಹುಡುಕುತ್ತಾ ಹೋಗಿ ಅದನ್ನು ಪತ್ತೆ ಹಚ್ಚಿದರು. ಆ ಹಿಂಬಾಗಿಲು ಒಳಗೆ ಬಂದದ್ದು ಹೇಗೆ? ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅವರೂ ದಣಿದಿದ್ದರು. "ಯಾಕೆ ಇಷ್ಟು ತಡ, ಬೇರೆಯವರಿಗೆ ಬಿಟ್ಟುಕೊಡಿ" ಅಂತ ಅವರ ಮೇಲೆ ಒತ್ತಡ ಬಂತು. ಸಹಾಯಕ್ಕೆ ಅಂತ ಬಂದ ಒಂದು ಅಕೌಂಟ್ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, ಕೊನೆಗೆ ಮೋಸ ಮಾಡಿತು.

ಇದರಿಂದ ನಾವು ತಿಳಿಯಬೇಕಾದದ್ದು ಎರಡು. ಒಂದು, ನಿಜವಾದ ಸಹಾಯಕ್ಕೆ ಅಲ್ಲಿ ಬರ ಇದೆ. ಎರಡು, ಅಲ್ಲಿ ತೀರಾ ಕಮ್ಮಿ ಇರೋದು ಕೋಡ್ ಅಲ್ಲ, ಅದನ್ನು ಓದಿ ನೋಡುವವರ ಸಮಯ. ಹಾಗಾಗಿ ನನ್ನ ಅಳತೆಗೋಲು ಇಷ್ಟೇ: ನೀವು ಕಳಿಸಿದ್ದು ಅವರ ಕೆಲಸ ಕಮ್ಮಿ ಮಾಡುತ್ತಾ, ಜಾಸ್ತಿ ಮಾಡುತ್ತಾ?

ಯಾವುದು ಒಳ್ಳೆಯ ಮೊದಲ ಕೆಲಸ?

ನಮ್ಮ ಟೀಮಿನಲ್ಲಿ ಬಳಸುವ ಒಂದು ಕಮಾಂಡ್ ಲೈನ್ ಟೂಲ್ ಇದೆ. ಅದರ ಡಾಕ್ಯುಮೆಂಟೇಶನ್‌ನಲ್ಲಿ ಇನ್‌ಸ್ಟಾಲ್ ಮಾಡುವ ಕಮಾಂಡ್ ಹಳೆಯ ವರ್ಷನ್‌ದು. ಹೊಸದಾಗಿ ಸೇರಿದ ಪ್ರತಿಯೊಬ್ಬರೂ ಅಲ್ಲೇ ಸಿಕ್ಕಿಹಾಕಿಕೊಳ್ಳೋರು. ಪ್ರತಿ ಸಲವೂ ಯಾರಾದರೂ ಎದ್ದು ಹೋಗಿ ಹೇಳಿಕೊಡೋದು. ನನ್ನ ಮೊದಲ ಪುಲ್ ರಿಕ್ವೆಸ್ಟ್ ಆ ಒಂದು ಸಾಲು. "ಇನ್ನೊಂದು ಪುಟದಲ್ಲೂ ಇದೇ ಸಾಲಿದೆ, ಅದನ್ನೂ ಸೇರಿಸ್ತೀರಾ?" ಅಂತ ಮೇಂಟೇನರ್ ಕೇಳಿದರು. ಸೇರಿಸಿದೆ. ಹನ್ನೊಂದು ದಿನಕ್ಕೆ ಮರ್ಜ್ ಆಯಿತು. ಆಮೇಲೆ ಆ ಪ್ರಶ್ನೆ ಹೊತ್ತು ಯಾರೂ ನಮ್ಮ ಡೆಸ್ಕ್ ಹತ್ತಿರ ಬರಲಿಲ್ಲ.

ಇಂಥವು ಬೇಕಾದಷ್ಟು ಸಿಗುತ್ತವೆ. ಅರ್ಥವಾಗದ ಎರರ್ ಮೆಸೇಜ್, ಕೆಲಸ ಮಾಡದ ಉದಾಹರಣೆ, ಬಿಟ್ಟುಹೋದ ಟೆಸ್ಟ್. ಕೋಡ್ ಮುಟ್ಟದೆಯೂ ಸಹಾಯ ಮಾಡಬಹುದು. ಯಾರೋ ಹಾಕಿದ ಬಗ್ ರಿಪೋರ್ಟ್ ತೆಗೆದುಕೊಂಡು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಮಾಡಿ ನೋಡಿ, "ಈ ವರ್ಷನ್‌ನಲ್ಲಿ ಬರುತ್ತೆ, ಆ ವರ್ಷನ್‌ನಲ್ಲಿ ಬರಲ್ಲ" ಅಂತ ಬರೆದರೆ ಮೇಂಟೇನರ್‌ಗೆ ಒಂದು ಸಂಜೆ ಉಳಿದ ಹಾಗೆ. "ಗುಡ್ ಫಸ್ಟ್ ಇಶ್ಯೂ" ಎಂಬ ಲೇಬಲ್ ಇರುವ ಕೆಲಸಗಳು ಹೊಸಬರಿಗಾಗಿಯೇ ಎತ್ತಿಟ್ಟವು.

ಕೆಲಸದ ಕ್ರಮ

ಮೊದಲು ರೆಪೊದಲ್ಲಿರುವ ಕಾಂಟ್ರಿಬ್ಯೂಟಿಂಗ್ ಫೈಲ್ ಪೂರ್ತಿ ಓದಿ. ಇದೇ ವಿಷಯ ಬೇರೆ ಯಾರಾದರೂ ಎತ್ತಿದ್ದಾರಾ ಅಂತ ಹುಡುಕಿ, ಮುಚ್ಚಿದ ಇಶ್ಯೂಗಳಲ್ಲೂ ನೋಡಿ. ಆಮೇಲೆ ಫೋರ್ಕ್ ಮಾಡಿ, ಕ್ಲೋನ್ ಮಾಡಿ, ಬೇರೆ ಬ್ರ್ಯಾಂಚ್ ತೆಗೆಯಿರಿ. ಏನನ್ನೂ ಬದಲಿಸುವ ಮುಂಚೆ ಟೆಸ್ಟ್ ಓಡಿಸಿ. ಮೊದಲೇ ಫೇಲ್ ಆಗ್ತಿದ್ದದ್ದು ಯಾವುದು, ನಿಮ್ಮಿಂದ ಆದದ್ದು ಯಾವುದು ಅಂತ ಆಗಲೇ ಗೊತ್ತಾಗೋದು.

ಬದಲಾವಣೆ ಒಂದೇ ವಿಷಯದ್ದಾಗಿರಲಿ. ಎಡಿಟರ್ ತಾನಾಗಿಯೇ ಇಡೀ ಫೈಲಿನ ಸ್ಪೇಸ್ ಸರಿಮಾಡಿಬಿಟ್ಟರೆ, ಒಂದು ಸಾಲಿನ ತಿದ್ದುಪಡಿ ನಾನೂರು ಸಾಲಾಗಿ ಕಾಣುತ್ತೆ. ಅದನ್ನು ಓದೋರ ಪಾಡು ಯೋಚಿಸಿ. ಕಮಿಟ್ ಮೆಸೇಜ್‌ನಲ್ಲಿ ಏನು ಬದಲಿಸಿದ್ದೀರಿ ಅನ್ನೋದಕ್ಕಿಂತ ಯಾಕೆ ಬದಲಿಸಿದ್ದೀರಿ ಅನ್ನೋದು ಮುಖ್ಯ. ಏನು ಅನ್ನೋದು ಡಿಫ್‌ನಲ್ಲೇ ಕಾಣುತ್ತಲ್ಲ.

ಟೀ ಶರ್ಟಿನ ಕಥೆ

ಹ್ಯಾಕ್ಟೋಬರ್‌ಫೆಸ್ಟ್ 2014ರಲ್ಲಿ ಶುರುವಾದದ್ದು. ಅಕ್ಟೋಬರ್ ತಿಂಗಳಲ್ಲಿ ಕೆಲವು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್ ಸಿಗುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ 2020ರಲ್ಲಿ "ಅಮೇಝಿಂಗ್ ಪ್ರಾಜೆಕ್ಟ್" ಅಂತ ಒಂದು ಪದ ಸೇರಿಸಿ ಕಳಿಸಿದ ರಿಕ್ವೆಸ್ಟ್‌ಗಳ ಪ್ರವಾಹವೇ ಬಂತು. ತಿಂಗಳು ಮುಗಿಯುವ ಮುಂಚೆಯೇ ನಿಯಮ ಬದಲಿಸಬೇಕಾಯಿತು: ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳು ಮಾತ್ರ ಲೆಕ್ಕಕ್ಕೆ.

2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಜೆಎಸ್‌ಗೂ ಇದೇ ಗತಿ. ಒಂದು ಪಾಠದ ವಿಡಿಯೊದಲ್ಲಿ ಆ ರೆಪೊವನ್ನು ಉದಾಹರಣೆಯಾಗಿ ತೋರಿಸಿದ್ದರಿಂದ, ರೀಡ್‌ಮಿಗೆ ತಮ್ಮ ಹೆಸರು ಸೇರಿಸುವ ರಿಕ್ವೆಸ್ಟ್‌ಗಳು ಒಂದರ ಹಿಂದೆ ಒಂದು ಬಂದವು. ಕಳಿಸಿದವರಲ್ಲಿ ಬಹಳ ಮಂದಿ ನಮ್ಮ ದೇಶದ ವಿದ್ಯಾರ್ಥಿಗಳು. ಕೆಟ್ಟ ಉದ್ದೇಶ ಏನಿರಲಿಲ್ಲ, ಹೇಳಿಕೊಟ್ಟ ರೀತಿ ಹಾಗಿತ್ತು. ಆದರೆ ಇದರ ಬೆಲೆ ತೆರೋದು ಮುಂದೆ ಶ್ರದ್ಧೆಯಿಂದ ಬರುವ ಹುಡುಗ ಹುಡುಗಿಯರು. ಅಭ್ಯಾಸ ಮಾಡಬೇಕಾ? ನಿಮ್ಮದೇ ಒಂದು ರೆಪೊ ತೆಗೆದು, ಗೆಳೆಯರನ್ನು ಸೇರಿಸಿ ಮಾಡಿ. ಎಐ ಬರೆದುಕೊಟ್ಟ ಕೋಡ್‌ಗೂ ಇದೇ ಮಾತು: ಸಾಲು ಸಾಲಾಗಿ ನೀವೇ ವಿವರಿಸೋಕೆ ಆಗದಿದ್ದರೆ ಕಳಿಸಬೇಡಿ. ಕೆಲವು ಪ್ರಾಜೆಕ್ಟ್‌ಗಳು ಎಐ ಕೋಡ್ ಬೇಡವೇ ಬೇಡ ಅಂತ ಹೇಳಿವೆ, ಅದನ್ನೂ ನೋಡಿಕೊಳ್ಳಿ.

ಮಾತಿನ ರೀತಿ

ನಾವು ಬೆಳೆದದ್ದು ದೊಡ್ಡವರನ್ನು ಹೆಸರು ಹಿಡಿದು ಕರೆಯದ ಮನೆಗಳಲ್ಲಿ. ಅಲ್ಲಿ ಇಪ್ಪತ್ತು ವರ್ಷ ಅನುಭವ ಇರೋರನ್ನೂ ಹೆಸರಿನಿಂದಲೇ ಕರೀತಾರೆ. "ಸರ್" ಬೇಡ, ಎದುರಿಗಿರೋದು ಮೇಡಂ ಕೂಡ ಆಗಿರಬಹುದು. "ಪ್ಲೀಸ್ ಅಸೈನ್ ಮಿ" ಅಂತ ಹತ್ತು ಇಶ್ಯೂ ಕೆಳಗೆ ಬರೆಯೋದೂ ಬೇಡ. ಒಂದನ್ನು ಆರಿಸಿ, ಹೇಗೆ ಸರಿಮಾಡ್ತೀರಿ ಅಂತ ಎರಡು ಸಾಲು ಬರೆಯಿರಿ.

ರಿವ್ಯೂನಲ್ಲಿ ನೇರವಾಗಿ ಮಾತಾಡ್ತಾರೆ. "ಇದು ಬೇಡ" ಅಂದರೆ ಆ ಕೋಡ್ ಬೇಡ, ನೀವು ಬೇಡ ಅಂತಲ್ಲ. ಉತ್ತರ ಬರಲಿಲ್ಲವಾ? ಲಿನಕ್ಸ್ ಕರ್ನಲ್‌ನ ಮಾರ್ಗಸೂಚಿಯೇ ಕಡೇಪಕ್ಷ ಒಂದು ವಾರ ಕಾಯಿರಿ ಅನ್ನುತ್ತೆ. ಆಮೇಲೆ ಒಂದು ಸಲ ನಯವಾಗಿ ನೆನಪಿಸಿ.

ಆಫೀಸಿನ ಕರಾರು

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಕೆಲಸದಲ್ಲಿರುವಾಗ ನೀವು ಬರೆದದ್ದು ಕಂಪನಿಗೆ ಸೇರಿದ್ದು ಎಂಬ ಷರತ್ತು ಹಲವರ ಆಫರ್ ಪತ್ರದಲ್ಲೋ ಒಪ್ಪಂದದಲ್ಲೋ ಇರುತ್ತೆ. ಕೆಲವೊಮ್ಮೆ ಮನೆಯಲ್ಲಿ ಬರೆದದ್ದಕ್ಕೂ ಅನ್ವಯಿಸುವಷ್ಟು ಅಗಲವಾಗಿ ಬರೆದಿರ್ತಾರೆ. ಇನ್ನೊಂದು ಕಡೆ, ಲಿನಕ್ಸ್ ಕರ್ನಲ್‌ನಂಥ ಪ್ರಾಜೆಕ್ಟ್‌ಗಳಲ್ಲಿ "ಸೈನ್ಡ್ ಆಫ್ ಬೈ" ಎಂಬ ಸಾಲು ಹಾಕಬೇಕು. 2004ರಿಂದ ಬಂದ ಪದ್ಧತಿ ಇದು. "ಇದನ್ನು ಕೊಡುವ ಹಕ್ಕು ನನಗಿದೆ" ಅಂತ ನೀವು ಸಹಿ ಮಾಡಿದ ಹಾಗೆ. ಹಕ್ಕು ಕಂಪನಿಯದಾಗಿದ್ದರೆ ಆ ಸಹಿ ಸುಳ್ಳಾಗುತ್ತೆ. ಹಾಗಾಗಿ ಮ್ಯಾನೇಜರ್‌ಗೋ ಲೀಗಲ್ ಟೀಮ್‌ಗೋ ಒಂದು ಇಮೇಲ್ ಹಾಕಿ, ಅನುಮತಿ ಬರಹದಲ್ಲೇ ಪಡೆಯಿರಿ. ಸ್ವಂತ ಲ್ಯಾಪ್‌ಟಾಪ್, ಸ್ವಂತ ಇಮೇಲ್ ಬಳಸಿ. ಕ್ಲೈಂಟ್ ಕೋಡಿನ ಒಂದು ಸಾಲೂ ಈ ಕಡೆ ಬರಬಾರದು.

ಕನ್ನಡಕ್ಕೂ ಕೆಲಸ ಇದೆ

ಫೈರ್‌ಫಾಕ್ಸ್‌ನ ಕನ್ನಡ ಅನುವಾದ ಪೊಂಟೂನ್‌ನಲ್ಲಿ, ಲಿಬ್ರೆಆಫೀಸ್‌ದು ವೆಬ್ಲೇಟ್‌ನಲ್ಲಿ ನಡೆಯುತ್ತೆ. ಬ್ರೌಸರ್ ಒಂದಿದ್ದರೆ ಸಾಕು, ಗಿಟ್ ಕೂಡ ಬೇಡ. "ಸೇವ್" ಅನ್ನೋದಕ್ಕೆ "ಉಳಿಸು" ಸಾಕಾ, "ಫೈಲ್" ಅಂತಲೇ ಬಿಡೋದಾ, "ಕಡತ" ಅನ್ನೋದಾ? ಇಂಥ ತೀರ್ಮಾನಕ್ಕೆ ಭಾಷೆಯೂ ಗೊತ್ತಿರಬೇಕು, ಮೆನು ಹೇಗೆ ಕೆಲಸ ಮಾಡುತ್ತೆ ಅಂತಲೂ ಗೊತ್ತಿರಬೇಕು. ನಮಗೆ ಎರಡೂ ಗೊತ್ತು. ಊರು ಬಿಟ್ಟು ಬಂದಮೇಲೆ ಕನ್ನಡದಲ್ಲಿ ಟೈಪ್ ಮಾಡೋದೇ ತಪ್ಪಿಹೋಗಿದೆ ಅನ್ನೋರಿಗೆ ಇದು ಒಳ್ಳೆಯ ನೆಪ.

ಈ ಶನಿವಾರ ಇಷ್ಟು ಮಾಡಿ. ಕಳೆದ ತಿಂಗಳು ನಿಮ್ಮನ್ನು ಕಾಡಿದ ಒಂದು ಟೂಲ್ ನೆನಪಿಸಿಕೊಳ್ಳಿ, ಅದರ ಕಾಂಟ್ರಿಬ್ಯೂಟಿಂಗ್ ಫೈಲ್ ತೆರೆದು ಓದಿ. ಕಳಿಸುವ ಆತುರ ಬೇಡ. ಕಾಡಿದ ಆ ಒಂದು ಸಾಲು ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮುಂದಿನ ವಾರ ಸಿಗೋಣ.