ದನಿ ಕೇಳಿ ಊರು ಹೇಳುವವರ ಲೆಕ್ಕ

ಬಂಟ್ವಾಳದ ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಇಂಥವರು ಒಬ್ಬರಲ್ಲ ಒಬ್ಬರು ಸಿಕ್ಕೇ ಸಿಗುತ್ತಾರೆ: "ಎರಡು ಮಾತು ತುಳು ಆಡ್ಲಿ ಮಾರಾಯ್ರೆ, ಬೆಳ್ತಂಗಡಿಯವರಾ ಮೂಡಬಿದಿರೆಯವರಾ ಅಂತ ಈಗ ಹೇಳ್ತೇನೆ." ನಾವು ತಲೆಯಾಡಿಸುತ್ತೇವೆ. ತುಳು ಊರಿಂದೂರಿಗೆ, ಜಾತಿಯಿಂದ ಜಾತಿಗೆ ಬದಲಾಗುವುದು ಹೌದು. ತಲೆಗೆ 'ತರೆ' ಎನ್ನುವವರಿದ್ದಾರೆ, 'ಸರೆ', 'ಹರೆ' ಎನ್ನುವವರೂ ಇದ್ದಾರೆ. ಆದರೆ ಆ ವ್ಯತ್ಯಾಸ ಈ ಮಹನೀಯರ ಕಿವಿಗೆ ನಿಜವಾಗಿ ಸಿಗುತ್ತದೆಯೇ, ಅಥವಾ ಸರಿಯಾದ ಊಹೆಗಳಷ್ಟೇ ಅವರ ನೆನಪಿನಲ್ಲಿ ಉಳಿದಿವೆಯೇ?

ಪರೀಕ್ಷಿಸುವುದು ಕಷ್ಟವಲ್ಲ. ಎಂಟು ಜನರಿಂದ ಒಂದೇ ವಾಕ್ಯ ಹೇಳಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ನಾಲ್ವರು ಬೆಳ್ತಂಗಡಿಯವರು, ನಾಲ್ವರು ಮೂಡಬಿದಿರೆಯವರು. ಚೀಟಿ ಎತ್ತಿ ಅನುಕ್ರಮ ಕಲಸಿ ಕೇಳಿಸಿ. ನಾಲ್ಕು ಬೆಳ್ತಂಗಡಿ ದನಿ ಯಾವುವೆಂದು ಅವರು ಆರಿಸಬೇಕು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿ. ಪೂರ್ತಿ ಸರಿಯಾದದ್ದು ಒಂದೇ. ಕಿವಿ ಮುಚ್ಚಿಕೊಂಡು ಹೇಳಿದರೂ 70ಕ್ಕೆ ಒಂದು ಸಲ ಸರಿಯಾಗುತ್ತದೆ.

ಈ ಉಪಾಯ ನನ್ನದಲ್ಲ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ಪಾಚಿ ವಿಜ್ಞಾನಿ, ಕಪ್ಪಿಗೆ ಮೊದಲು ಬಿದ್ದದ್ದು ಹಾಲೋ ಚಹಾವೋ ಎಂದು ರುಚಿಯಿಂದಲೇ ಹೇಳಬಲ್ಲೆ ಎಂದರು. ಜೊತೆಗಿದ್ದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಎಂಟು ಕಪ್ಪಿನ ಪರೀಕ್ಷೆ ಕಟ್ಟಿದರು, 1935ರ ಪುಸ್ತಕದಲ್ಲಿ ಅದನ್ನು ವಿವರಿಸಿದರು. ಹೂವಿನ ಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದ್ದು ಇದೇ ಫಿಶರ್ ಬಳಿ.

"ಹಾಗಾದರೆ ನೂರಕ್ಕೆ ತೊಂಬತ್ತೆಂಟು ಪಾಲು ಇವರ ಕಿವಿ ನಿಜ"

ನಾಲ್ಕಕ್ಕೆ ನಾಲ್ಕು ಸರಿ ಹೇಳಿದರೂ, ಅಲ್ಲ. ಅತಿ ಹೆಚ್ಚು ಜನ, ಕೆಲವು ಸಂಶೋಧಕರೂ, ಜಾರುವ ಜಾಗ ಇದೇ. 70ಕ್ಕೆ 1 ಎಂಬುದು 'ಇವರು ಬರೀ ಊಹಿಸುತ್ತಿದ್ದರೆ ಇಂಥ ಫಲಿತಾಂಶ ಎಷ್ಟು ಅಪರೂಪ' ಎಂಬ ಲೆಕ್ಕ. 'ಇವರು ಊಹಿಸುತ್ತಿರುವ ಸಂಭವ ಎಷ್ಟು' ಎಂಬ ಲೆಕ್ಕ ಬೇರೆಯೇ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆಯಾಗಿದ್ದಕ್ಕೆಲ್ಲ ಮಳೆಯೇ ಕಾರಣವಲ್ಲ, ಯಾರೋ ತೊಳೆದಿರಲೂಬಹುದು. ಬಸ್ ಕಾಯುತ್ತಿರುವ 70 ಮಂದಿಗೂ ಇದೇ ಪರೀಕ್ಷೆ ಕೊಡಿ: ಯಾರಿಗೂ ಕಿವಿಯ ಜಾಣ್ಮೆ ಇಲ್ಲದಿದ್ದರೂ ಸರಾಸರಿ ಒಬ್ಬರು ನಾಲ್ಕಕ್ಕೆ ನಾಲ್ಕು ಸರಿ ಹೇಳುತ್ತಾರೆ. ಅವರೊಬ್ಬರನ್ನೇ ಕರೆದು ಶಾಲು ಹೊದೆಸಿದರೆ ತಪ್ಪು ನಮ್ಮದು. ಹತ್ತಾರು ಬಗೆಯಲ್ಲಿ ಅಳೆದು, ಗೆದ್ದ ಒಂದನ್ನೇ ಪ್ರಕಟಿಸುವ ಪ್ರಬಂಧಗಳ ಕಥೆಯೂ ಇಷ್ಟೆ.

"ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂತು, ಸಾಬೀತಾಯಿತು"

ಮೇಲಿನ 70ಕ್ಕೆ 1ರಂಥ ಲೆಕ್ಕಕ್ಕೇ ಪಿ-ಮೌಲ್ಯ ಎನ್ನುತ್ತಾರೆ. ಅದಕ್ಕೆ 0.05, ಅಂದರೆ 20ಕ್ಕೆ 1 ಎಂಬ ಈ ಗೆರೆ ಪ್ರಕೃತಿ ಎಳೆದದ್ದಲ್ಲ. 1925ರಲ್ಲಿ ಫಿಶರ್ ಅನುಕೂಲಕ್ಕೆಂದು ಸೂಚಿಸಿದ್ದು. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಬೇರೆ ಬೇರೆ ತಂಡಗಳು ಮತ್ತೆ ಮಾಡಿ ನೋಡಿದವು. ಮೂಲದಲ್ಲಿ ನೂರಕ್ಕೆ 97 ಗೆರೆ ದಾಟಿದ್ದವು, ಎರಡನೇ ಸಲ ದಾಟಿದ್ದು 36. ಮರುವರ್ಷ ಅಮೆರಿಕದ ಸಂಖ್ಯಾಶಾಸ್ತ್ರ ಸಂಘವೇ, ಈ ಒಂದು ಸಂಖ್ಯೆಯ ಮೇಲೆ ತೀರ್ಮಾನ ಕಟ್ಟಬೇಡಿ ಎಂದು ಹೇಳಿಕೆ ಕೊಡಬೇಕಾಯಿತು.

"ಗೆರೆ ದಾಟಲಿಲ್ಲ, ಹಾಗಾದರೆ ವ್ಯತ್ಯಾಸವೇ ಇಲ್ಲ"

ನಮ್ಮ ಬಿ.ಸಿ. ರೋಡಿನವರು ನಾಲ್ಕರಲ್ಲಿ ಮೂರು ಸರಿ ಹೇಳಿದರು ಅನ್ನಿ. ಕೇಳಲು ಚೆನ್ನಾಗಿದೆ. ಆದರೆ ಬರೀ ಊಹೆಯಿಂದಲೇ ಮೂರು ಅಥವಾ ಹೆಚ್ಚು ಸರಿಯಾಗುವ ದಾರಿಗಳು 70ರಲ್ಲಿ 17, ಅಂದರೆ ಸುಮಾರು ನಾಲ್ಕಕ್ಕೊಂದು. ಹಾಗೆಂದು ಅವರಿಗೆ ಕಿವಿಯೇ ಇಲ್ಲ ಎಂದಾಗಲಿಲ್ಲ. ಎಂಟು ದನಿ ಸಾಲಲಿಲ್ಲ, ಅಷ್ಟೆ. ಎಂಬತ್ತು ಕೇಳಿಸಬೇಕಿತ್ತು. ಅದೂ ಒಂದೇ ಮನೆಯ ಅಣ್ಣ, ತಮ್ಮ, ಅತ್ತಿಗೆಯರ ಎಂಬತ್ತಲ್ಲ. ವೇಣೂರಿನ ನಾಲ್ಕು ಕುಟುಂಬಗಳ 40 ಮಂದಿ, ಸಂಖ್ಯಾಶಾಸ್ತ್ರದ ಕಣ್ಣಿಗೆ ಸ್ವತಂತ್ರವಾದ 40 ಅಲ್ಲ. ನಾಲ್ಕಕ್ಕೇ ಹತ್ತಿರ ಎನ್ನಬೇಕಾದೀತು. ಪದಗಳಿಗೂ ಇದೇ ಮಾತು. ಇಪ್ಪತ್ತು ಪದ ಆರಿಸಿಕೊಂಡು ಇಡೀ ಭಾಷೆಯ ಬಗ್ಗೆ ತೀರ್ಪು ಕೊಡಬೇಡಿ, ಪದಗಳೂ ಒಂದು ಮಾದರಿಯೇ ಎಂದು ಹರ್ಬರ್ಟ್ ಕ್ಲಾರ್ಕ್ 1973ರಲ್ಲೇ ಎಚ್ಚರಿಸಿದ್ದರು.

"ಮನೆಯಲ್ಲಿ ತುಳು ಮಾತಾಡಿದರೆ ಮಗುವಿನ ಕನ್ನಡ, ಇಂಗ್ಲಿಷ್ ಹಾಳು"

ಲೆಕ್ಕದ ಇಂಥ ತಪ್ಪು ಭಾಷೆಯ ಬಗೆಗಿನ ನಮ್ಮ ನಂಬಿಕೆಗಳಲ್ಲೂ ಇದೆ. ಈ ಭಯ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ತಾಲೂಕುಗಳ ಶಾಲೆಗಳ ಗೇಟಿನ ಬಳಿ ಇವತ್ತೂ ಕೇಳುತ್ತದೆ. ಇದಕ್ಕೆ ನೂರು ವರ್ಷದ ಹಿಂದೆ ವಿಜ್ಞಾನದ ಮೊಹರೂ ಬಿದ್ದಿತ್ತು. 1923ರಲ್ಲಿ ಡಿ.ಜೆ. ಸೇರ್ ಎಂಬವರು ವೇಲ್ಸ್‌ನ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿದರು. ಹಳ್ಳಿಗಳಲ್ಲಿ ಎರಡು ಭಾಷೆಯ ಮಕ್ಕಳ ಬುದ್ಧಿ ಅಂಕ ಕಡಿಮೆ ಬಂತು. ಎರಡು ಭಾಷೆ ತಲೆ ಕಲಸುತ್ತದೆ ಎಂಬುದಕ್ಕೆ ಅದು ಆಧಾರವಾಯಿತು. ಪಟ್ಟಣದ ಮಕ್ಕಳಲ್ಲಿ ಅಂಥ ಅಂತರ ಕಾಣಲಿಲ್ಲ ಎಂಬ ಸಾಲು ಮಾತ್ರ ಹಿಂದೆ ಸರಿಯಿತು. ಬಡತನ, ಶಾಲೆ, ಪರೀಕ್ಷೆಯ ಭಾಷೆ ಇವೆಲ್ಲವೂ ಲೆಕ್ಕದೊಳಗೆ ಸೇರಿಕೊಂಡು, ದೂರು ಮಾತ್ರ ಭಾಷೆಯ ತಲೆಗೆ ಬಿತ್ತು. 1962ರಲ್ಲಿ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬ ಸಂಶೋಧಕರು ಕುಟುಂಬಗಳ ಆರ್ಥಿಕ ಸ್ಥಿತಿ ಸರಿಹೊಂದಿಸಿ ನೋಡಿದಾಗ ಎರಡು ಭಾಷೆಯ ಮಕ್ಕಳೇ ಮುಂದಿದ್ದರು. ಅಲ್ಲೂ ಒಂದು ತಕರಾರಿದೆ: ಎರಡೂ ಭಾಷೆ ಸಮವಾಗಿ ಬಲ್ಲವರನ್ನಷ್ಟೇ ಆರಿಸಿಕೊಂಡರೆ ಜಾಣರೇ ಆಯ್ದು ಬರಬಹುದಲ್ಲ?

ಮಗುವಿನ ಪದಗಳನ್ನು ಎಣಿಸುವ ರೀತಿಯಲ್ಲೂ ಮೋಸ ನುಸುಳುತ್ತದೆ. ಬೆಕ್ಕು, ದನ, ಕೋಳಿಯ ಚಿತ್ರ ತೋರಿಸಿದರೆ ಮಗು ಪುಚ್ಚೆ, ಪೆತ್ತ, ಕೋರಿ ಎನ್ನುತ್ತದೆ. ಕನ್ನಡದಲ್ಲಷ್ಟೇ ಅಂಕ ಕೊಟ್ಟರೆ ಸೊನ್ನೆ. ಎರಡೂ ಭಾಷೆ ಸೇರಿಸಿ ಎಣಿಸಿದ ಅಧ್ಯಯನಗಳಲ್ಲಿ ಇಂಥ ಮಕ್ಕಳ ಒಟ್ಟು ಪದಸಂಪತ್ತು ಒಂದೇ ಭಾಷೆಯವರದಕ್ಕೆ ಸರಿಸಮವಾಗಿಯೇ ಬಂದಿದೆ.

"ನಾಲ್ಕು ಭಾಷೆ ಬಂದರೆ ಮೆದುಳು ನಾಲ್ಕು ಪಟ್ಟು ಚುರುಕು"

ಇದು ನಮಗೆ ಇಷ್ಟವಾದ ಸುಳ್ಳು, ಹಾಗಾಗಿ ಇದನ್ನೇ ಹೆಚ್ಚು ಗದರಬೇಕು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಎಂದು ಬೆರಳು ಮಡಚುವಾಗ ನಮಗೆಲ್ಲ ಎದೆ ಸ್ವಲ್ಪ ಉಬ್ಬುತ್ತದೆ. 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆಗುಳಿ ರೋಗಿಗಳ ದಾಖಲೆ ನೋಡಿದರು. ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ಅಂತರ ಇತ್ತು. ಅಂದರೆ ಎಲ್ಲ ಶ್ರೇಯಸ್ಸೂ ಶಾಲೆಯದಲ್ಲ. ಇದು ತೂಕವುಳ್ಳ ಕೆಲಸ. ಆದರೆ ನಮ್ಮಲ್ಲಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಹೊತ್ತಿಗೆ ಅದು 'ಭಾಷೆ ಕಲಿತರೆ ಮರೆವು ಬರುವುದಿಲ್ಲ' ಎಂದಾಗಿರುತ್ತದೆ. ಪ್ರಬಂಧ ಹಾಗೆ ಹೇಳಿಲ್ಲ, ಅಲ್ಲಿದ್ದವರೆಲ್ಲ ರೋಗಿಗಳೇ. ಎರಡಕ್ಕಿಂತ ಹೆಚ್ಚು ಭಾಷೆ ಬಂದವರಿಗೆ ಹೆಚ್ಚುವರಿ ಲಾಭ ಕಾಣಲಿಲ್ಲ ಎಂದೂ ಅದರಲ್ಲೇ ಇದೆ. ಇನ್ನು ಗಮನ, ಯೋಜನೆಯಂಥ ದಿನನಿತ್ಯದ ಚುರುಕಿನ ವಿಷಯ: 2020ರಲ್ಲಿ 11,041 ಜನರ ಮೇಲೆ ನಡೆದ ಅಧ್ಯಯನದಲ್ಲಿ ಎರಡು ಭಾಷೆಯವರಿಗೆ ಮೇಲುಗೈ ಸಿಗಲಿಲ್ಲ.

ಇದನ್ನು ನಮ್ಮಲ್ಲೇ ಪರೀಕ್ಷಿಸಿ ನೋಡೋಣ ಎಂದರೆ ಮೊದಲ ತೊಡಕು ಎದುರಾಗುತ್ತದೆ. ಹೋಲಿಕೆಗೆ ಒಂದೇ ಭಾಷೆ ಬಲ್ಲವರು ಬೇಕು. ಬಂಟ್ವಾಳದ ಮೀನು ಮಾರ್ಕೆಟ್ಟಿನಲ್ಲಿ, ಗುರುವಾಯನಕೆರೆಯ ಹೋಟೆಲಿನಲ್ಲಿ, ಮೂಡಬಿದಿರೆಯ ಪೇಟೆಯಲ್ಲಿ ಅಂಥವರನ್ನು ಹುಡುಕಿ ನೋಡಿ. ಸಿಕ್ಕವರು ಒಂದೋ ಮನೆಯಿಂದ ಹೊರಗೆ ಬಾರದ ತೀರಾ ವಯಸ್ಸಾದ ಅಜ್ಜಿ, ಇಲ್ಲವೇ ಮೊನ್ನೆ ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದ ಹುಡುಗ. ಅವರಿಬ್ಬರಿಗೂ ನಮಗೂ ಇರುವ ವ್ಯತ್ಯಾಸ ಭಾಷೆಯೊಂದೇ ಅಲ್ಲವಲ್ಲ.